ಕಾಡುಕೋಳಿ ಗರಿಗೂ ಇಂಗ್ಲೆಂಡಿನ ಮೀನುಗಾಳಕ್ಕೂ ಏನು ನಂಟು?

ಮಲೆನಾಡಿನ ತೋಟದಂಚಲ್ಲಿ ಬೆಳಗಿನ ಜಾವ ಕೂಗೋ ಕಾಡುಕೋಳಿ ಎಲ್ಲರಿಗೂ ಗೊತ್ತು. ಆ ಹುಂಜದ ಕತ್ತಿನ ಗರಿ ಹತ್ತಿರದಿಂದ ನೋಡಿದವರು ಕಡಿಮೆ. ಕಪ್ಪು ಗರಿ, ಅದರ ಮೇಲೆ ಹಳದಿ-ಬಿಳಿ ಚುಕ್ಕೆ, ಮೇಣದ ಹನಿ ಬಿದ್ದ ಹಾಗೆ ಮಿರಮಿರ ಅನ್ನುತ್ತೆ. ನೂರು ವರ್ಷಕ್ಕೂ ಹಿಂದಿನಿಂದ ಈ ಗರಿಗೆ ವಿದೇಶದಲ್ಲಿ ಗಿರಾಕಿಗಳಿದ್ದಾರೆ. ಅದೂ ಮೀನು ಹಿಡಿಯೋಕೆ!

ನಮ್ಮ ಕಡೆ ಗಾಳಕ್ಕೆ ಎರೆಹುಳ ಸಿಕ್ಕಿಸಿದರೆ ಕೆಲಸ ಮುಗೀತು. ಬ್ರಿಟನ್, ಅಮೆರಿಕದ ತಣ್ಣೀರಿನ ಹೊಳೆಗಳಲ್ಲಿ ಟ್ರೌಟ್ ಹಿಡಿಯುವ ಹವ್ಯಾಸಿಗಳದ್ದು ಬೇರೆ ದಾರಿ. ಟ್ರೌಟ್ ಮೀನಿನ ಮುಖ್ಯ ಆಹಾರ ಹೊಳೆಯ ಹುಳಗಳು. ಅದೇ ಹುಳದ ನಕಲನ್ನು ಗರಿ, ದಾರ, ಪ್ರಾಣಿಗಳ ಕೂದಲಿನಿಂದ ಗಾಳದ ಮೇಲೆ ಕಟ್ಟುತ್ತಾರೆ. ಇದಕ್ಕೆ ಫ್ಲೈ ಅಂತಾರೆ. ಗಾಳ ಒಂದು ಸೆಂಟಿಮೀಟರಿನಷ್ಟೂ ಇರೋದಿಲ್ಲ ಎಷ್ಟೋ ಸಲ. ಅಕ್ಕಸಾಲಿಗರ ಕೆಲಸದಂತೆ ಪುಟ್ಟ ವೈಸ್‌ಗೆ ಕಚ್ಚಿಸಿ, ಭೂತಗನ್ನಡಿ ಇಟ್ಟುಕೊಂಡು ಕೂರಬೇಕು. ಫ್ಲೈಗೆ ತೂಕವೇ ಇಲ್ಲವಾದ್ದರಿಂದ ಅದನ್ನು ದೂರಕ್ಕೆ ಎಸೆಯೋಕೂ ಆಗಲ್ಲ. ಹಾಗಾಗಿ ದಾರವನ್ನೇ ದಪ್ಪ, ಭಾರ ಮಾಡಿರ್ತಾರೆ. ಚಾಟಿ ಬೀಸಿದಂತೆ ದಾರ ಬೀಸಿದರೆ ಅದರ ಬೆನ್ನಿಗೆ ಫ್ಲೈ ಹೋಗಿ ನೀರಿಗೆ ಇಳಿಯುತ್ತೆ.

ಈ ಹುಚ್ಚಿಗೆ ಜೀವನವನ್ನೇ ಕೊಟ್ಟವರಲ್ಲಿ ಫ್ರಾಂಕ್ ಸಾಯರ್ ಹೆಸರು ದೊಡ್ಡದು. 1906ರಲ್ಲಿ ಇಂಗ್ಲೆಂಡಿನ ವಿಲ್ಟ್‌ಶೈರ್‌ನಲ್ಲಿ ಹುಟ್ಟಿದ ಈತ ಸಾಹುಕಾರನೇನಲ್ಲ. ಏವನ್ ಎಂಬ ಹೊಳೆಗೆ ಕಾವಲುಗಾರ. ಸೇನಾಧಿಕಾರಿಗಳ ಮೀನುಗಾರಿಕೆ ಸಂಘವೊಂದು ಸಂಬಳ ಕೊಡುತ್ತಿತ್ತು. ಜೊಂಡು ಕತ್ತರಿಸೋದು, ಕೆಸರು ತೆಗೆಸೋದು, ಮೀನು ಕಾಯೋದು, ಇಷ್ಟೇ ಕೆಲಸ. ಆದರೆ ಸುಮಾರು ಐದು ದಶಕ ಒಂದೇ ಹೊಳೆ ದಂಡೆಯಲ್ಲಿ ಓಡಾಡಿ ಮೀನು ಏನು ತಿನ್ನುತ್ತೆ, ಹೇಗೆ ತಿನ್ನುತ್ತೆ ಅಂತ ನೋಡುತ್ತಲೇ ಇದ್ದ.

ಮೇಫ್ಲೈ ಅನ್ನೋ ಹುಳದ ಬದುಕೇ ವಿಚಿತ್ರ. ತಿಂಗಳುಗಟ್ಟಲೆ, ಕೆಲವು ಜಾತಿಗಳಲ್ಲಿ ವರ್ಷಕ್ಕೂ ಮೇಲೆ, ನೀರೊಳಗಿನ ಕಲ್ಲಿನಡಿ ಮರಿಯಾಗಿ ಬೆಳೆಯುತ್ತೆ. ರೆಕ್ಕೆ ಬಂದು ಹಾರಿದ ಮೇಲೆ ಆಯುಸ್ಸು ಸಾಮಾನ್ಯವಾಗಿ ಒಂದೆರಡು ದಿನ. (ನಮ್ಮ ಹಳ್ಳದ ಕಲ್ಲು ಮಗುಚಿದರೂ ಈ ಜಾತಿಯ ಮರಿಗಳು ಸಿಗ್ತವೆ, ಬಾಲದಲ್ಲಿ ಎರಡೋ ಮೂರೋ ಕೂದಲಿನಂಥ ಎಳೆ ಇರುತ್ತೆ.) ಹಾಗಾದರೆ ಮೀನಿನ ಊಟದ ಹೆಚ್ಚು ಪಾಲು ನಡೆಯೋದು ನೀರಿನ ಒಳಗೇ. ಆದರೆ ಇಂಗ್ಲೆಂಡಿನ ಆ ಭಾಗದ ದೊಡ್ಡಮನುಷ್ಯರಿಗೆ ತೇಲುವ ಫ್ಲೈ ಮಾತ್ರ ಮರ್ಯಾದೆ. ಮುಳುಗಿಸಿ ಹಿಡಿಯೋದು ಸರಿಯೋ ತಪ್ಪೋ ಅಂತ 1938ರಲ್ಲಿ ಲಂಡನ್ನಿನ ಕ್ಲಬ್ಬೊಂದರಲ್ಲಿ ಚರ್ಚೆಯನ್ನೇ ಏರ್ಪಡಿಸಿದ್ದರು ಅಂದರೆ ಲೆಕ್ಕ ಹಾಕಿ.

ಸಾಯರ್ ಕಟ್ಟಿದ್ದು ಮುಳುಗುವ ಮರಿಹುಳ. ಬೇಕಾದ ಸಾಮಾನು ಎರಡೇ: ಫೆಸೆಂಟ್ ಹಕ್ಕಿಯ ಬಾಲದ ಗರಿಯ ಕೆಲವು ಎಳೆ, ಕೂದಲಿನಷ್ಟು ತೆಳುವಾದ ತಾಮ್ರದ ತಂತಿ. ದಾರವೇ ಇಲ್ಲ. ತಂತಿಯೇ ದಾರದ ಕೆಲಸ ಮಾಡುತ್ತೆ, ತೂಕವನ್ನೂ ಕೊಡುತ್ತೆ, ಹುಳದ ಮೈಬಣ್ಣವೂ ಬರುತ್ತೆ. ಮೀನಿನ ಹತ್ತಿರ ಬಂದಾಗ ಕೋಲಿನ ತುದಿ ಸ್ವಲ್ಪ ಎತ್ತಬೇಕು. ಹುಳ ಜೀವ ಬಂದು ಮೇಲೇಳುತ್ತಿದೆ ಅಂದುಕೊಂಡು ಮೀನು ಬಾಯಿ ಹಾಕುತ್ತೆ. 1958ರಲ್ಲಿ ಇದನ್ನೆಲ್ಲ ಪುಸ್ತಕ ಮಾಡಿದ. ಆ ಫ್ಲೈಯನ್ನು ಇವತ್ತಿಗೂ ಲೋಕದ ಎಲ್ಲ ಕಡೆ ಕಟ್ಟುತ್ತಾರೆ. 1980ರಲ್ಲಿ ಅವನು ತೀರಿಕೊಂಡದ್ದೂ ಅದೇ ಏವನ್ ದಂಡೆಯಲ್ಲಿ.

ಇನ್ನೊಂದು ಕಡೆ ಸಾಲ್ಮನ್ ಮೀನಿನ ಫ್ಲೈ ಕಟ್ಟೋರು. ಇವರದ್ದು ಆಡಂಬರದ ಲೋಕ. ವಿಕ್ಟೋರಿಯಾ ರಾಣಿ ಕಾಲದ ಪುಸ್ತಕಗಳು ದೂರದೇಶದ ಹತ್ತಾರು ಹಕ್ಕಿಗಳ ಗರಿ ಹೇಳ್ತವೆ. ನಮ್ಮ ಕಾಡುಕೋಳಿ ಬರೋದು ಇಲ್ಲೇ. ಆ ಚುಕ್ಕೆಗರಿ ಫ್ಲೈಗೆ ಕಣ್ಣಿನ ಹಾಗೆ. ಅಲ್ಲಿನ ವ್ಯಾಪಾರದಲ್ಲಿ ಅದರ ಹೆಸರು ‘ಜಂಗಲ್ ಕಾಕ್’. ಸಾಲ್ಮನ್‌ಗೆ ಆ ಗರಿ ಯಾವ ದೇಶದ್ದು ಅನ್ನೋದು ಗೊತ್ತಾಗುವ ಮಾತೇ ಇಲ್ಲ. ಬೆಲೆ ಗೊತ್ತಿರೋದು ಮನುಷ್ಯನಿಗೆ. ಇವತ್ತು ಇಂಥ ಎಷ್ಟೋ ಫ್ಲೈ ನೀರು ಕಾಣದೆ ಗಾಜಿನ ಚೌಕಟ್ಟಿನಲ್ಲೇ ಇರ್ತವೆ.

ಈ ಹುಚ್ಚು ಎಲ್ಲಿಗೆ ಮುಟ್ಟಿತು ಅನ್ನೋದಕ್ಕೆ 2009ರ ಜೂನ್ ಸಾಕ್ಷಿ. ಲಂಡನ್ನಿನಲ್ಲಿ ಸಂಗೀತ ಓದುತ್ತಿದ್ದ ಅಮೆರಿಕದ ಹುಡುಗನೊಬ್ಬ, ಫ್ಲೈ ಕಟ್ಟೋದರಲ್ಲಿ ಪಳಗಿದವನು, ಟ್ರಿಂಗ್ ಪಟ್ಟಣದ ವಸ್ತುಸಂಗ್ರಹಾಲಯಕ್ಕೆ ರಾತ್ರಿ ಕಿಟಕಿ ಒಡೆದು ನುಗ್ಗಿ 299 ಹಕ್ಕಿಗಳ ಚರ್ಮ ಕದ್ದ. ಅದರಲ್ಲಿ ವಿಜ್ಞಾನಿ ಆಲ್ಫ್ರೆಡ್ ರಸೆಲ್ ವ್ಯಾಲೇಸ್ ಸಂಗ್ರಹಿಸಿದ ಹಕ್ಕಿಗಳೂ ಇದ್ದವು. ಗರಿಗಳನ್ನು ಹವ್ಯಾಸಿಗಳಿಗೇ ಮಾರಿದ. 2010ರಲ್ಲಿ ಸಿಕ್ಕಿಬಿದ್ದ. ಶಿಕ್ಷೆ 12 ತಿಂಗಳು, ಅದೂ ಅಮಾನತಿನಲ್ಲಿ, ಅಂದರೆ ಜೈಲಿಗೆ ಹೋಗಲಿಲ್ಲ. ಸಿಕ್ಕ ಚರ್ಮಗಳಲ್ಲಿ ಎಷ್ಟೋವಕ್ಕೆ ಗುರುತುಚೀಟಿ ಇರಲಿಲ್ಲ. ಯಾವ ಕಾಡಿನಲ್ಲಿ, ಯಾವ ದಿನ ಸಿಕ್ಕ ಹಕ್ಕಿ ಅನ್ನೋ ಚೀಟಿ ಹೋದ ಮೇಲೆ ವಿಜ್ಞಾನಕ್ಕೆ ಅದರಿಂದ ಹೆಚ್ಚೇನೂ ಉಪಯೋಗವಿಲ್ಲ.

ಇಲ್ಲಿನ ಜನರಿಗೆ ಬೇಕಾದ ಮಾತು ಏನಂದರೆ, ಕಾಡುಕೋಳಿ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಲ್ಲಿರುವ ಹಕ್ಕಿ. ಬೇಟೆಯಷ್ಟೇ ಅಲ್ಲ, ಗರಿ ಮಾರೋದೂ ಅಪರಾಧ. ತಾನಾಗಿ ಉದುರಿದ ನವಿಲುಗರಿಗೆ ದೇಶದೊಳಗೆ ಇರುವ ವಿನಾಯಿತಿ ಇದಕ್ಕಿಲ್ಲ. ನವಿಲುಗರಿಯನ್ನೂ ಹೊರದೇಶಕ್ಕೆ ಕಳಿಸುವಂತಿಲ್ಲ. ಇಂಗ್ಲೆಂಡಿನಲ್ಲಿ ಈಗ ಕಾಡುಕೋಳಿಯನ್ನು ಸಾಕಿಯೇ ಗರಿ ಮಾರುತ್ತಾರೆ, ಪ್ಲಾಸ್ಟಿಕ್ ನಕಲುಗಳೂ ಬಂದಿವೆ. ಹಾಗಾಗಿ ನಮ್ಮ ಕಾಡಿನ ಹಕ್ಕಿಗೆ ಕೈಹಾಕುವ ಅಗತ್ಯ ಯಾವ ಹವ್ಯಾಸಿಗೂ ಇಲ್ಲ. ಅಂಗಡಿಗೆ ಬಂದು ಕಾಡುಕೋಳಿ ಗರಿ ಕೊಡಿಸ್ತೀರಾ ಅಂತ ಯಾರಾದರೂ ಕೇಳಿದರೆ ಹತ್ತಿರದ ವಲಯ ಅರಣ್ಯ ಕಚೇರಿಗೆ ತಿಳಿಸಬಹುದು.

ಸಾಕಿದ ಕೋಳಿ ವಿಷಯ ಬೇರೆ. ತೇಲುವ ಫ್ಲೈಗೆ ಬಳಸೋದು ಬಲಿತ ಸಾಕು ಹುಂಜದ ಕತ್ತಿನ ಗರಿಯನ್ನೇ. ಬ್ರಾಯ್ಲರ್ ನಡೆಯಲ್ಲ, ಗರಿ ಬಲಿಯೋ ಮೊದಲೇ ಅದು ತಕ್ಕಡಿಗೆ ಬಂದಿರುತ್ತೆ. ಅಮೆರಿಕದಲ್ಲಿ ಗರಿಗೋಸ್ಕರವೇ ಹುಂಜ ಸಾಕುವ ಫಾರಂಗಳಿವೆ. 2011ರಲ್ಲಿ ಅಲ್ಲಿನ ಹೆಣ್ಣುಮಕ್ಕಳು ಆ ಗರಿಯನ್ನು ಕೂದಲಿಗೆ ಕಟ್ಟಿಕೊಳ್ಳುವ ಫ್ಯಾಷನ್ ಶುರುವಾಗಿ, ಬ್ಯೂಟಿ ಪಾರ್ಲರ್‌ನವರು ಮೀನುಗಾಳದ ಅಂಗಡಿಗಳನ್ನೇ ಖಾಲಿ ಮಾಡಿದ್ದರು.