ಯಾವ ಬೆಟ್ಟ ನಮಗೆ ತಕ್ಕುದು?

ಮಳೆಗಾಲ ಮುಗಿದು ಆಕಾಶ ತಿಳಿಯಾದ ಒಂದು ಬೆಳಿಗ್ಗೆ ಡೊಂಬಿವಲಿಯ ಯಾವುದಾದರೊಂದು ಕಟ್ಟಡದ ತಾರಸಿಯ ಮೇಲೆ ನಿಂತು ನೋಡಿದರೆ ಮಲಂಗಗಡದ ಮೊನಚೂ ಅದರಾಚೆ ಮಾಥೇರಾನದ ಉದ್ದನೆಯ ಬೆನ್ನೂ ಕಾಣುತ್ತವೆ. ಥಾಣೆಯವರಿಗೆ ಯೇವೂರಿನ ಕಾಡು, ನವಿ ಮುಂಬಯಿಯವರಿಗೆ ಪಾರಸಿಕದ ಮತ್ತು ಖಾರಘರದ ಗುಡ್ಡ, ಪನವೇಲದ ಕಡೆಯವರಿಗೆ ಹೆಬ್ಬೆರಳನ್ನೆತ್ತಿ ನಿಂತಂತಿರುವ ಕರ್ನಾಳಾ. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಾವು ಸಹ್ಯಾದ್ರಿಯನ್ನು ಬಿಟ್ಟು ಬಂದಿಲ್ಲ. ಕೊಡಚಾದ್ರಿಯನ್ನು ಹೊತ್ತಿರುವ ಅದೇ ಸಾಲು ನಮ್ಮ ಕಿಟಕಿಯ ಹೊರಗೂ ಹಾದುಹೋಗಿದೆ. ಇಷ್ಟಿದ್ದೂ ನಮ್ಮಲ್ಲಿ ಹೆಚ್ಚಿನವರು ಅದನ್ನು ನೋಡುವುದು ಲೋಕಲ್ ಗಾಡಿಯ ಬಾಗಿಲಿನಿಂದ ಮಾತ್ರ. ಹತ್ತಲು ಹೊರಟವರಲ್ಲಿಯೂ ಅನೇಕರು ತಮಗೆ ತಕ್ಕ ಬೆಟ್ಟವನ್ನು ಆರಿಸಿಕೊಳ್ಳದೆ, ಮೊಬೈಲಿನಲ್ಲಿ ಕಂಡ ಚಿತ್ರವನ್ನು ನೋಡಿ ಹೊರಡುತ್ತಾರೆ. ಹಾಗೆ ಹೊರಟವರಲ್ಲಿ ನಾವೂ ಸೇರಿದವರೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇವೆ.

ನಾಲ್ಕು ವರ್ಷಗಳ ಹಿಂದಿನ ಮಾತು. ಅಕ್ಟೋಬರಿನ ಒಂದು ಭಾನುವಾರ ಹೆಂಗಸರು ಮಕ್ಕಳು ಸೇರಿ ಹದಿನಾಲ್ಕು ಜನ ಮಾಹುಲಿ ಕೋಟೆಗೆ ಹೊರಟೆವು. ಕಸಾರಾ ದಾರಿಯಲ್ಲಿ ಆಸನಗಾಂವ ನಿಲ್ದಾಣದಲ್ಲಿಳಿದು ರಿಕ್ಷಾ ಹಿಡಿದರೆ ಬೆಟ್ಟದ ಬುಡ. ಎತ್ತರ 858 ಮೀಟರ್ ಎಂದು ಓದಿದ್ದೆವು. ನಮ್ಮೊಡನಿದ್ದ ಹಿರಿಯರೊಬ್ಬರು, ಅರವತ್ತೆರಡರ ಪ್ರಾಯದವರು, ರಕ್ತದೊತ್ತಡದ ಮಾತ್ರೆ ನುಂಗುವವರು, ನಗುತ್ತಾ ಹೇಳಿದರು: “ಮುಳ್ಳಯ್ಯನಗಿರಿ 1930 ಮೀಟರ್ ಇದೆಯಂತೆ, ಅದನ್ನೇ ಹತ್ತಿ ಬಂದವನು ನಾನು. ಇದೇನು ಮಹಾ!” ಅವರ ಮಾತು ಸುಳ್ಳಲ್ಲ. ಆದರೆ ಮುಳ್ಳಯ್ಯನಗಿರಿಯ ತುದಿಯ ಹತ್ತಿರದವರೆಗೆ ಮೋಟಾರು ಹೋಗುತ್ತದೆ. ಕಾಲಿಗೆ ಉಳಿಯುವುದು ಕೊನೆಯ ಮೆಟ್ಟಿಲುಗಳು ಮಾತ್ರ. ಮಾಹುಲಿಯ ಬುಡವಾದರೋ ಕೊಂಕಣದ ತಗ್ಗಿನಲ್ಲಿದೆ, ಆ 858ರಲ್ಲಿ ಏಳುನೂರಕ್ಕೂ ಮಿಕ್ಕಿದ್ದನ್ನು ಸ್ವಂತ ಕಾಲಿನಿಂದಲೇ ಏರಬೇಕು. ಈ ವ್ಯತ್ಯಾಸವನ್ನು ನಮ್ಮಲ್ಲಿ ಒಬ್ಬರೂ ಯೋಚಿಸಿರಲಿಲ್ಲ.

ಹೊರಟದ್ದು ತಡವಾಯಿತು. ಬುಡ ಬಿಟ್ಟಾಗ ಒಂಬತ್ತೂವರೆ. ಅಕ್ಟೋಬರಿನ ಬಿಸಿಲೆಂದರೆ ಈ ಕಡೆ ಎರಡನೆಯ ಬೇಸಿಗೆಯೇ ಸರಿ. ಗಾಳಿಯಿಲ್ಲ, ನೆಲದಿಂದ ಸೆಖೆ ಮೇಲೇಳುತ್ತದೆ. ತಲೆಗೊಂದು ಲೀಟರಿನ ನೀರಿನ ಸೀಸೆ. ಅದು ಹನ್ನೊಂದರ ಹೊತ್ತಿಗೆ ಅರ್ಧಕ್ಕಿಳಿದಿತ್ತು. ಅರ್ಧ ದಾರಿ ದಾಟಿದ ಮೇಲೆ ಹಿರಿಯರು ಒಂದು ಬಂಡೆಯ ಮೇಲೆ ಕುಳಿತರು. ಮುಖ ಬಿಳಿಚಿಕೊಂಡಿತ್ತು, ಮಾತು ತುಂಡುತುಂಡಾಗಿ ಬರುತ್ತಿತ್ತು. “ನೀವು ಹೋಗಿ ಬನ್ನಿ, ನಾನು ಇಲ್ಲೇ ಕೂತಿರ್ತೇನೆ” ಎಂದರು. ಹುಡುಗರಿಗೆ ಕೋಟೆಯ ಬಾಗಿಲು ಕೈಗೆ ಸಿಕ್ಕಂತೆ ಕಾಣುತ್ತಿತ್ತು. ಮೇಲಿನ ಕಬ್ಬಿಣದ ಏಣಿಯ ಮೇಲೆ ನಿಂತು ಫೋಟೋ ತೆಗೆಸಿಕೊಳ್ಳುವ ಆಸೆ ಬೇರೆ. ಒಬ್ಬರನ್ನು ಜೊತೆಗೆ ಬಿಟ್ಟು ಉಳಿದವರು ಹೋಗೋಣವೆಂದು ಒಂದು ಪಕ್ಷ, ಎಲ್ಲರೂ ಹಿಂದಿರುಗೋಣವೆಂದು ಇನ್ನೊಂದು. ಸಣ್ಣಗೆ ಜಗಳವೇ ಆಯಿತೆನ್ನಬೇಕು. ಅಷ್ಟರಲ್ಲಿ ಸೌದೆ ಹೊತ್ತು ಇಳಿಯುತ್ತಿದ್ದ ಆ ಊರಿನ ಮುದುಕನೊಬ್ಬ ನಿಂತು ನಮ್ಮ ಹಿರಿಯರ ಮುಖವನ್ನೂ ನಮ್ಮ ಸೀಸೆಗಳನ್ನೂ ನೋಡಿ, “ಗಡ ಕುಠೇ ಪಳೂನ ಜಾತ ನಾಹೀ” ಎಂದ. ಕೋಟೆಯೇನೂ ಓಡಿಹೋಗುವುದಿಲ್ಲ! ನಾವು ಇಳಿದೆವು. ನೆರಳಿನಲ್ಲಿ ಕೂರಿಸುತ್ತ, ಉಪ್ಪುಸಕ್ಕರೆ ಬೆರೆಸಿದ ನೀರು ಕುಡಿಸುತ್ತ ಕೆಳಗೆ ಮುಟ್ಟುವಾಗ ಎರಡು ಗಂಟೆ ದಾಟಿತ್ತು. ಮರುದಿನ ವೈದ್ಯರು ಹಿರಿಯರನ್ನು ಪರೀಕ್ಷಿಸಿ, ಇನ್ನೊಂದು ಗಂಟೆ ಬಿಸಿಲಿನಲ್ಲಿ ಹತ್ತಿದ್ದರೆ ಏನಾಗುತ್ತಿತ್ತೋ ಹೇಳಲಾರೆ ಎಂದರಂತೆ.

ಆ ಮಾಹುಲಿಗೂ ನಮ್ಮ ನಾಡಿಗೂ ಒಂದು ನಂಟಿದೆ. 1636ರಲ್ಲಿ ಶಹಾಜಿ ಭೋಸಲೆ ಈ ಕೋಟೆಯಲ್ಲಿಯೇ ಮುತ್ತಿಗೆಗೆ ಸಿಕ್ಕಿ ಸಂಧಿ ಮಾಡಿಕೊಂಡು, ಬಿಜಾಪುರದ ಸೇವೆಗೆ ಸೇರಿ, ಮುಂದೆ ಬೆಂಗಳೂರಿನ ಜಹಗೀರನ್ನು ಪಡೆದುದು. 1664ರಲ್ಲಿ ತೀರಿಕೊಂಡದ್ದು ಚನ್ನಗಿರಿಯ ಹತ್ತಿರದ ಹೊದಿಗೆರೆಯಲ್ಲಿ. ಇದನ್ನು ಕೋಟೆಯ ಮೇಲೆ ನಿಂತು ಮಕ್ಕಳಿಗೆ ಹೇಳಬೇಕೆಂದಿದ್ದೆವು. ಹಿಂದಿರುಗುವ ಗಾಡಿಯಲ್ಲಿ ಹೇಳಿದೆವು.

ಅಂದಿನಿಂದ ನಾವು ಬೆಟ್ಟವನ್ನು ಆರಿಸುವ ರೀತಿ ಬೇರೆಯಾಯಿತು. ತುದಿಯ ಎತ್ತರವನ್ನು ಕೇಳುವುದನ್ನು ಬಿಟ್ಟು, ಬುಡದಿಂದ ತುದಿಗೆ ಎಷ್ಟು ಏರು ಎಂದು ಕೇಳುತ್ತೇವೆ. ಕಳಸೂಬಾಯಿ ಮಹಾರಾಷ್ಟ್ರಕ್ಕೆಲ್ಲ ಎತ್ತರದ ಶಿಖರ, 1646 ಮೀಟರ್. ಮಾಹುಲಿಯ ಹೆಚ್ಚುಕಡಿಮೆ ಇಮ್ಮಡಿ. ಆದರೆ ಅದರ ಬುಡದ ಬಾರಿ ಎಂಬ ಹಳ್ಳಿಯೇ ಘಟ್ಟದ ಮೇಲಿರುವುದರಿಂದ ಹತ್ತುವ ಶ್ರಮ ಇಮ್ಮಡಿಯಲ್ಲ. ಇದಕ್ಕೆ ವಿರುದ್ಧವಾದ ಉದಾಹರಣೆ ನಮ್ಮ ಕುಮಾರಪರ್ವತ: 1712 ಮೀಟರಿನ ಆ ತುದಿಗೆ ಕುಕ್ಕೆಯಿಂದ ಹೊರಟವನು ಸುಮಾರು ಒಂದೂವರೆ ಸಾವಿರ ಮೀಟರ್ ಏರಬೇಕು. ರಜೆಯಲ್ಲಿ ಊರಿಗೆ ಹೋದಾಗ “ಸುಬ್ರಹ್ಮಣ್ಯಕ್ಕೆ ಹೇಗೂ ಹೋಗುತ್ತೇವಲ್ಲ, ಹಾಗೇ ಪರ್ವತವನ್ನೂ ಹತ್ತಿ ಬರೋಣ” ಎನ್ನುವವರಿದ್ದಾರೆ. ದಯವಿಟ್ಟು ಬೇಡ.

ಕಾಲದ ಲೆಕ್ಕಕ್ಕೆ ಒಂದು ಹಳೆಯ ಸೂತ್ರವುಂಟು. ಸ್ಕಾಟ್ಲೆಂಡಿನ ನೇಸ್ಮಿತ್ ಎಂಬ ಗಿರಿಪ್ರೇಮಿ 1892ರಲ್ಲಿ ಹೇಳಿದ್ದು. ಮೈಲಿ ಅಡಿಗಳಲ್ಲಿದ್ದುದನ್ನು ನಮ್ಮ ಅಳತೆಗೆ ತಂದರೆ ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ನಾಲ್ಕು ಕಿಲೋಮೀಟರ್ ದಾರಿ, 750 ಮೀಟರ್ ಏರು ಎಂದಿಟ್ಟುಕೊಂಡರೆ ಎರಡು ಗಂಟೆಯಾಯಿತು. ಇದು ಗಟ್ಟಿಮುಟ್ಟಾದ ಅಭ್ಯಾಸಿಯ ಲೆಕ್ಕ, ಅದೂ ತಂಪು ದೇಶದ್ದು. ಮಕ್ಕಳು, ಹಿರಿಯರು, ನಮ್ಮ ಸೆಖೆ, ಬುತ್ತಿ ಬಿಚ್ಚುವ ಸಂಭ್ರಮ ಇವನ್ನೆಲ್ಲ ಸೇರಿಸಿ ಅದರ ಅರ್ಧದಷ್ಟನ್ನು ಮೇಲೆ ಹಾಕಿ, ಮೂರು ಗಂಟೆ ಎಂದು ನಾವು ಹಿಡಿಯುತ್ತೇವೆ. ಇಳಿಯಲು ಕಡಿಮೆ ಸಮಯ ಸಾಕೆಂದು ತಿಳಿಯಬಾರದು. ಮಂಡಿ ನೋವಿನವರಿಗೆ ಏರಿಗಿಂತ ಇಳಿತವೇ ಶತ್ರು. ಎಲ್ಲಿಯೇ ಇರಲಿ, ಮಧ್ಯಾಹ್ನ ಒಂದು ಗಂಟೆಗೆ ತಿರುಗಿ ನಿಲ್ಲುವುದೆಂದು ಮನೆಯಲ್ಲಿಯೇ ಗೊತ್ತುಮಾಡಿಕೊಳ್ಳುವುದು ಮೇಲು. ಬೆಟ್ಟದ ಮೇಲೆ ಹೋಗಿ ಗೊತ್ತುಮಾಡಿದರೆ ಮತ್ತೆ ಜಗಳ.

ಇನ್ನು ನಮ್ಮ ಕಾಲಿನ ಪರೀಕ್ಷೆ. ಇದಕ್ಕೆ ದುಡ್ಡು ಖರ್ಚು ಮಾಡಬೇಕಾಗಿಲ್ಲ. ಲಿಫ್ಟಿಲ್ಲದ ನಾಲ್ಕು ಅಂತಸ್ತಿನ ಹಳೆಯ ಕಟ್ಟಡ ನಮ್ಮಲ್ಲಿ ಯಾರಿಗೆ ಇಲ್ಲ? ಒಂದು ಅಂತಸ್ತಿಗೆ ಮೂರು ಮೀಟರ್ ಎಂದರೆ ಒಂದು ಸಲ ಹತ್ತಿದರೆ ಹನ್ನೆರಡು ಮೀಟರ್, ಇಪ್ಪತ್ತೈದು ಸಲ ಹತ್ತಿದರೆ ಮುನ್ನೂರು. ಮೊದಲ ವಾರ ಐದು ಸಲ ಸಾಕು. ನಿಧಾನವಾಗಿ ಏರಿಸುತ್ತ ಎರಡು ತಿಂಗಳಲ್ಲಿ ಇಪ್ಪತ್ತೈದಕ್ಕೆ ಮುಟ್ಟಬಹುದು. ಹತ್ತುವಾಗ ಪಕ್ಕದವರೊಡನೆ ಒಂದು ಪೂರ್ಣ ವಾಕ್ಯವನ್ನು ಉಸಿರು ಕಟ್ಟದೆ ಆಡಲು ಬಂದರೆ ನಡಿಗೆ ಹದವಾಗಿದೆ. ಎರಡು ಶಬ್ದಕ್ಕೊಮ್ಮೆ ನಿಲ್ಲಬೇಕಾದರೆ ವೇಗ ಹೆಚ್ಚಾಯಿತು. ಎದೆ ಹಿಡಿದಂತಾಗುವುದು, ತಲೆ ಸುತ್ತುವುದು ಇದ್ದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಒತ್ತಡ, ಸಕ್ಕರೆ, ಹೃದಯದ ತೊಂದರೆಯಿರುವವರು ಮೊದಲೇ ಕೇಳಿಕೊಂಡು ಹೊರಡುವುದು ಲೇಸು. ಮುನ್ನೂರು ಮೀಟರಿನ ಮೆಟ್ಟಿಲು ಸಲೀಸಾದ ಮೇಲೆ ಅಷ್ಟೇ ಏರಿನ ಗುಡ್ಡ. ಅದು ಸಲೀಸಾದ ಮೇಲೆ ಇನ್ನೊಂದಿಷ್ಟು.

ಅನುಭವದ ಮಾತು ಬೇರೆ. ದಮ್ಮಿದ್ದವನಿಗೆಲ್ಲ ಬಂಡೆ ಹತ್ತುವ ಧೈರ್ಯವಿರುವುದಿಲ್ಲ. ಪನವೇಲದ ಕಡೆಯ ಕಲಾವಂತಿಣ ದುರ್ಗವನ್ನೇ ನೋಡಿ. ಏರು ಬಹಳವಲ್ಲ, ತುದಿ 700 ಮೀಟರಿಗೂ ಕಡಿಮೆ. ಆದರೆ ಬಂಡೆಯಲ್ಲಿ ಕಡಿದ ಆ ಮೆಟ್ಟಿಲುಗಳ ಪಕ್ಕದಲ್ಲಿ ಆತುಕೊಳ್ಳಲು ಏನೂ ಇಲ್ಲ. ಕೆಳಗೆ ನೋಡಿ ಕಾಲು ನಡುಗಿದವರು ಮೇಲೂ ಹೋಗಲಾರರು, ಕೆಳಗೂ ಬರಲಾರರು. ಹಿಂದೆ ಐವತ್ತು ಜನರ ಸಾಲು. ಅದೇ ಪಕ್ಕದ ಪ್ರಬಲಗಡ ದೊಡ್ಡದಾದರೂ ಮನಸ್ಸಿಗೆ ಅಷ್ಟು ಭಾರವಲ್ಲ. ಮರಾಠಿ ಪುಸ್ತಕಗಳಲ್ಲಿ ಪ್ರತಿಯೊಂದು ಕೋಟೆಗೂ ಸೋಪೀ, ಮಧ್ಯಮ, ಕಠೀಣ ಎಂದು ಶ್ರೇಣಿ ಬರೆದಿರುತ್ತಾರೆ. ಅವುಗಳಲ್ಲಿ ಹೆಚ್ಚಿನವು ಚಿಕ್ಕಂದಿನಿಂದ ಗುಡ್ಡ ಸುತ್ತಿದ ತರುಣರು ಕೊಟ್ಟವು. ನಾವಂತೂ ಒಂದು ಮೆಟ್ಟಿಲು ಏರಿಸಿಯೇ ಓದಿಕೊಳ್ಳುತ್ತೇವೆ. ಅವರ ಮಧ್ಯಮವು ನಮಗೆ ಕಠಿಣ.

ಬೆಟ್ಟ ಒಂದೇ ಆದರೂ ದಾರಿ ಒಂದೇ ಅಲ್ಲವೆಂಬುದನ್ನೂ ತಿಳಿದಿರಬೇಕು. ಹರಿಶ್ಚಂದ್ರಗಡಕ್ಕೆ ಪಾಚನಯಿಯಿಂದ ಹೋದರೆ ಸಾಧಾರಣ ಅಭ್ಯಾಸವಿರುವ ಸಂಸಾರಿಗಳೂ ಹೋಗಬಹುದು. ಖಿರೇಶ್ವರದಿಂದ ಟೋಲಾರ ಖಿಂಡಿಯ ಮೇಲೆ ಹೋದರೆ ದಿನವೆಲ್ಲ ಬೇಕು. ನಳಿಯ ದಾರಿಯೆಂಬುದಂತೂ ಹಗ್ಗ ಹಿಡಿದು ನುರಿತವರದು. ಮೂವರೂ ನೋಡುವುದು ಅದೇ ಕೇದಾರೇಶ್ವರನ ಗುಹೆಯನ್ನು, ಅದೇ ಕೊಂಕಣಕಡಾವನ್ನು. ಹಾಗೆಯೇ ಕರ್ಜತದ ಕಡೆಯ ಖಾಂಡಸದಿಂದ ಭೀಮಾಶಂಕರಕ್ಕೆ ಏಣಿಗಳ ಶಿಡಿಘಾಟವೂ ಉಂಟು, ಉದ್ದವಾದರೂ ಸುಲಭವಾದ ಗಣೇಶಘಾಟವೂ ಉಂಟು. ಜ್ಯೋತಿರ್ಲಿಂಗದ ದರ್ಶನಕ್ಕೆಂದು ಅಮ್ಮನನ್ನು ಕರೆದುಕೊಂಡು ಹೊರಟವನು ಯಾವ ಘಾಟವೆಂದು ಕೇಳದೆ ಹೋದರೆ ಅದು ಭಕ್ತಿಯಲ್ಲ, ಅಲಕ್ಷ್ಯ.

ಹೊಸಬರಿಗೆ ಯಾವುದು? ಕಲ್ಯಾಣದಲ್ಲಿ ರೈಲು ದಾರಿ ಕವಲೊಡೆಯುತ್ತದಷ್ಟೆ. ಒಂದು ಕಸಾರಾಕ್ಕೆ, ಇನ್ನೊಂದು ಕರ್ಜತಕ್ಕೆ. ಮೊದಲ ಸಲದವರಿಗೆ ನಾವು ಕರ್ಜತದ ಕವಲನ್ನು ಹೇಳುತ್ತೇವೆ. ಅಂಬರನಾಥದಲ್ಲಿಳಿದು 1060ರ ಶಿವಾಲಯವನ್ನು ನೋಡಿಕೊಂಡರೂ ಆಯಿತು. ಅದನ್ನು ಕಟ್ಟಿಸಿದ ಥಾಣೆಯ ಶಿಲಾಹಾರರ ಮನೆತನವು ಮೊದಲು ನಮ್ಮ ಮಾನ್ಯಖೇಟದ ರಾಷ್ಟ್ರಕೂಟರ ಸಾಮಂತವಾಗಿತ್ತು. ಮುಂದೆ ನೇರಳದಿಂದ ಮಾಥೇರಾನಕ್ಕೆ ವಾಹನದಲ್ಲಿ ಹೋಗಿ, ಮೇಲಿನ ಮರಗಳ ನೆರಳಿನಲ್ಲಿ ನಾಲ್ಕೈದು ಗಂಟೆ ಅಡ್ಡಾಡಿದರೆ ಕಾಲಿನ ಯೋಗ್ಯತೆ ತಿಳಿಯುತ್ತದೆ. ನವಿ ಮುಂಬಯಿಯವರಿಗೆ ಕರ್ನಾಳಾ ಪಕ್ಷಿಧಾಮದೊಳಗಿನ ಕೋಟೆಯ ದಾರಿ ಒಳ್ಳೆಯದು, ಬಹುಮಟ್ಟಿಗೆ ಕಾಡಿನೊಳಗೇ ಇದೆ. ಎರಡನೆಯ ವರ್ಷಕ್ಕೆ ಮಾಹುಲಿ, ಕಳಸೂಬಾಯಿ. ಅಲಂಗ, ಮದನ, ಕುಲಂಗಗಳ ಹೆಸರನ್ನು ನಾವು ಗೌರವದಿಂದ ಉಚ್ಚರಿಸಿ ಸುಮ್ಮನಾಗುತ್ತೇವೆ.

ಕಾಲವನ್ನು ಆರಿಸುವುದೂ ಬೆಟ್ಟವನ್ನು ಆರಿಸಿದಂತೆಯೇ. ನವೆಂಬರದಿಂದ ಫೆಬ್ರವರಿಯವರೆಗೆ ಸಂಸಾರಿಗರ ಕಾಲ. ಜುಲೈಯಲ್ಲಿ ಬೆಟ್ಟ ಹಸಿರುಟ್ಟು ಕರೆಯುತ್ತದೆ, ನಿಜ. ಆದರೆ ಪಾಚಿ ಹಿಡಿದ ಕರಿಗಲ್ಲು ಎಣ್ಣೆ ಸುರಿದಂತಿರುತ್ತದೆ. ಬೆಳಿಗ್ಗೆ ಮೊಣಕಾಲುದ್ದ ಇದ್ದ ಹಳ್ಳ ಸಂಜೆಗೆ ಎದೆಮಟ್ಟ ಬರುತ್ತದೆ. 2023ರ ಜುಲೈ 19ರ ರಾತ್ರಿ ಖಾಲಾಪುರ ತಾಲೂಕಿನ ಇರ್ಶಾಳಗಡದ ಮಗ್ಗುಲು ಕುಸಿದು ಇರ್ಶಾಳವಾಡಿಯೆಂಬ ಹಾಡಿಯೇ ಮಣ್ಣಿನಡಿ ಹೋಯಿತು. ಮಲಗಿದ್ದ ಹತ್ತಾರು ಜನ ಮತ್ತೆ ಏಳಲಿಲ್ಲ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ತಿಳಿಯದೆ ಹೋದುದು ಭಾನುವಾರದ ಅತಿಥಿಗಳಾದ ನಮಗೆ ತಿಳಿದೀತೆ? ಮಳೆಗಾಲದಲ್ಲಿ ಜಿಲ್ಲಾಧಿಕಾರಿಗಳೂ ಅರಣ್ಯ ಇಲಾಖೆಯವರೂ ಕೆಲವು ಜಾಗಗಳನ್ನು ಮುಚ್ಚುವುದುಂಟು. ಫಲಕವನ್ನು ಕಂಡ ಮೇಲೂ ಬೇಲಿಯ ಸಂದು ಹುಡುಕುವವರನ್ನು ಕಂಡರೆ ನಮಗೆ ಸಿಟ್ಟು ಬರುತ್ತದೆ.

ಸಾಮಾನಿನ ವಿಷಯ ಹೆಚ್ಚು ಹೇಳಬೇಕಾಗಿಲ್ಲ. ತಲೆಗೆ ಮೂರು ಲೀಟರ್ ನೀರು, ಹಿಡಿತವಿರುವ ಬೂಟು, ಟೋಪಿ, ಬ್ಯಾಟರಿ, ಮಾತ್ರೆಗಳು. ತಿನ್ನಲು ಚಪಾತಿ, ಶೇಂಗಾ ಚಟ್ನಿಪುಡಿ, ಬೆಲ್ಲ. ಮೊಸರನ್ನವನ್ನು ಬಿಸಿಲಿಗೆ ಒಯ್ದು ಹುಳಿ ಮಾಡಿದ ಅನುಭವ ನಮಗಿದೆ. ಹೋಗುವ ದಾರಿ, ಮರಳುವ ಹೊತ್ತು ಇವೆರಡನ್ನೂ ಮನೆಯಲ್ಲಿ ಒಬ್ಬರಿಗೆ ಬರೆದುಕೊಟ್ಟು ಹೊರಡಬೇಕು. ಆಪತ್ತಿಗೆ 112, ಆಂಬ್ಯುಲೆನ್ಸಿಗೆ 108. ಸಿಗ್ನಲ್ ಸಿಗದ ಕಡೆ ಇವು ಕೆಲಸಕ್ಕೆ ಬಾರವು. ಬುಡದ ಹಳ್ಳಿಯಿಂದ ದಾರಿ ಬಲ್ಲವನೊಬ್ಬನನ್ನು ಕೂಲಿ ಕೊಟ್ಟು ಕರೆದುಕೊಂಡರೆ ಅವನೇ ನಮ್ಮ ಟೆಲಿಫೋನು.

ನಮ್ಮ ಹಿರಿಯರ ವಿಷಯ ಉಳಿಯಿತು. ವೈದ್ಯರ ಅಪ್ಪಣೆ ಪಡೆದು ಅವರು ಮೆಟ್ಟಿಲು ಹತ್ತಲಾರಂಭಿಸಿದರು. ಕಟ್ಟಡದವರು ಏನೋ ಕಳೆದುಕೊಂಡು ಹುಡುಕುತ್ತಿದ್ದಾರೆಂದು ತಿಳಿದರಂತೆ. ಹೋದ ಜನವರಿಯಲ್ಲಿ ಅವರೇ ಆರಿಸಿದ್ದು ಕರ್ಜತದ ಕಡೆಯ ಕೋಥಳಿಗಡ. ಅದರ ಬುಡದ ಊರಿನ ಹೆಸರೂ ಆಂಬಿವಲಿ. ಕಲ್ಯಾಣದಾಚೆಯ ಆಂಬಿವಲಿ ನಿಲ್ದಾಣದಲ್ಲಿ ಇಳಿದು ಬೆಟ್ಟ ಹುಡುಕಿದವರೂ ಉಂಟೆಂದು ಕೇಳಿದ್ದೇವೆ. ಅರ್ಧ ದಾರಿಯಲ್ಲಿ ಪೇಠ ಎಂಬ ಹಳ್ಳಿಯಿದೆ, ದಣಿದವರು ಅಲ್ಲಿಯೇ ಉಳಿಯಬಹುದು. ಈ ಬೆಟ್ಟವನ್ನು ಆರಿಸಲು ಅವರು ಹೇಳಿದ ಕಾರಣವೂ ಅದೇ. ಆದರೆ ಉಳಿಯಲಿಲ್ಲ. ಪೇಠದಲ್ಲಿ ಚಹಾ ಕುಡಿದು, ಕೆತ್ತನೆಯ ಕಂಬಗಳ ಗುಹೆಯಲ್ಲಿ ಕಾಲು ಗಂಟೆ ಕುಳಿತು, ಕೋಡುಗಲ್ಲಿನ ಹೊಟ್ಟೆಯೊಳಗೇ ಕಡಿದಿರುವ ಮೆಟ್ಟಿಲುಗಳನ್ನು ಒಂದೊಂದಾಗಿ ಎಣಿಸುತ್ತ ಮೇಲೆ ಬಂದರು. ಗಡಿಯಾರ ನೋಡಿದರು. ಹನ್ನೆರಡೂ ಹತ್ತು. “ಇನ್ನೂ ಐವತ್ತು ನಿಮಿಷ ಇದೆಯಲ್ರೀ” ಎಂದು ಬುತ್ತಿ ಬಿಚ್ಚಿದರು.