ಪಠ್ಯಪುಸ್ತಕದಾಚೆಯ ಜೀವರಸಾಯನ ಶಾಸ್ತ್ರ

ಬೈಯಪ್ಪನಹಳ್ಳಿಯ ನೆರೆಯ ಬಡಾವಣೆಯೊಂದು ಸರ್ ಸಿ. ವಿ. ರಾಮನ್ ಅವರ ಹೆಸರನ್ನು ಹೊತ್ತಿದೆ. ಆ ಹೆಸರನ್ನು ನಿತ್ಯ ಕಾಣುವ ವಿದ್ಯಾರ್ಥಿಗಳು ರಾಮನ್ ಅವರ ಶಿಷ್ಯರಾದ ಜಿ. ಎನ್. ರಾಮಚಂದ್ರನ್ ಅವರನ್ನೂ ಅರಿತಿರಬೇಕಾದುದು ಉಚಿತ. 1942ರಲ್ಲಿ ವಿದ್ಯುತ್ ಎಂಜಿನಿಯರಿಂಗ್ ವ್ಯಾಸಂಗಕ್ಕೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಅವರು ರಾಮನ್ ಅವರ ಪ್ರಭಾವದಿಂದ ಭೌತಶಾಸ್ತ್ರಕ್ಕೂ, ಮುಂದೆ ಮದರಾಸಿನಲ್ಲಿ ಪ್ರೋಟೀನುಗಳ ರಚನೆಯ ಅಧ್ಯಯನಕ್ಕೂ ತಿರುಗಿದರು.

ಚರ್ಮ ಮತ್ತು ಸ್ನಾಯುರಜ್ಜುಗಳಲ್ಲಿರುವ ಕೊಲಾಜೆನ್ ಎಂಬ ಪ್ರೋಟೀನು ಮೂರೆಳೆಯ ಸುರುಳಿಯೆಂದು ಪಠ್ಯಪುಸ್ತಕ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸುತ್ತದೆ. ವಿದ್ಯಾರ್ಥಿ ಅದನ್ನು ಕಂಠಪಾಠ ಮಾಡುತ್ತಾನೆ. ಆ ವಾಕ್ಯದ ಹಿಂದಿರುವ ವಾದ ವಿವಾದ ಅವನ ಕಣ್ಣಿಗೆ ಬೀಳುವುದೇ ಇಲ್ಲ.

ರಾಮಚಂದ್ರನ್ ಮತ್ತು ಗೋಪಿನಾಥ ಕರ್ತಾ 1954ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಮೂರು ಸರಪಣಿಗಳ ಮಾದರಿಯನ್ನು ಮಂಡಿಸಿ, ಮರುವರ್ಷ ಅದನ್ನು ತಾವೇ ತಿದ್ದಿದರು. ಅದೇ 1955ರಲ್ಲಿ ರಿಚ್ ಮತ್ತು ಕ್ರಿಕ್ ಆಕ್ಷೇಪವೆತ್ತಿದರು: ಈ ಮಾದರಿಯಲ್ಲಿ ಕೆಲವು ಪರಮಾಣುಗಳು ಅತಿ ಸಮೀಪದಲ್ಲಿವೆ, ಮೂರು ಅಮೈನೋ ಆಮ್ಲಗಳಿಗೆ ಎರಡಲ್ಲ, ಒಂದೇ ಜಲಜನಕ ಬಂಧ ಸಾಧ್ಯ. ಹಾಗಾದರೆ ಪರಮಾಣುಗಳು ಎಷ್ಟು ಸಮೀಪಕ್ಕೆ ಬರಬಹುದು? ಇದಕ್ಕೆ ಉತ್ತರವನ್ನು ರಾಮಚಂದ್ರನ್ ಬಳಗ ಅರಸಿದ್ದು ಅದುವರೆಗೆ ಪ್ರಕಟವಾಗಿದ್ದ ಸ್ಫಟಿಕ ರಚನೆಗಳ ಲೇಖನಗಳಲ್ಲಿ. ಅಲ್ಲಿಂದ ಕ್ರೋಡೀಕರಿಸಿದ ಕನಿಷ್ಠ ಅಂತರಗಳ ಆಧಾರದ ಮೇಲೆ, ಸರಪಣಿಯ ಎರಡು ತಿರುಗು ಕೋನಗಳಲ್ಲಿ ಯಾವುವು ಸಾಧ್ಯ, ಯಾವುವು ಅಸಾಧ್ಯ ಎಂಬ ನಕ್ಷೆ 1963ರಲ್ಲಿ ಸಿದ್ಧವಾಯಿತು. ಅದೇ ರಾಮಚಂದ್ರನ್ ನಕ್ಷೆ. ಗಣಕಯಂತ್ರದಿಂದ ಪ್ರೋಟೀನಿನ ಆಕಾರವನ್ನು ಊಹಿಸುವ ಕಾರ್ಯಕ್ಕೆ 2024ರ ನೊಬೆಲ್ ಪಾರಿತೋಷಕದ ಅರ್ಧಭಾಗ ಸಂದಿದೆ. ಹಾಗೆ ಊಹಿಸಿದ ರಚನೆಗಳನ್ನೂ ಒರೆಗೆ ಹಚ್ಚುವುದು ಈ ನಕ್ಷೆಯಿಂದಲೇ.

ವಿವಾದ ಅಲ್ಲಿಗೆ ನಿಲ್ಲಲಿಲ್ಲ. ಎರಡನೆಯ ಬಂಧ ನೀರಿನ ಅಣುವಿನ ಮೂಲಕ ಏರ್ಪಡಬಹುದೆಂದು ರಾಮಚಂದ್ರನ್ 1968ರಲ್ಲಿ ಸೂಚಿಸಿದರು. 1994ರಲ್ಲಿ ಕೊಲಾಜೆನ್ ಮಾದರಿಯ ಪೆಪ್ಟೈಡೊಂದರ ಸ್ಫಟಿಕ ರಚನೆ ಪ್ರಕಟವಾದಾಗ ನೇರ ಬಂಧ ಒಂದೇ ಎಂಬುದು ದೃಢಪಟ್ಟಿತು. ಜೊತೆಗೆ ನೀರಿನ ಸೇತುವೆಗಳೂ ಕಂಡುಬಂದವು. ಯಾರು ಗೆದ್ದರೆಂದು ಹೇಳುವುದು ಅಷ್ಟು ಸುಲಭವಲ್ಲ. ಪ್ರಶ್ನೆಗೆ ಪ್ರತಿಪ್ರಶ್ನೆಯನ್ನೊಡ್ಡುವ ಅನುಭವ ಮಂಟಪದ ಪರಂಪರೆಯಲ್ಲಿ ಬೆಳೆದ ವಿದ್ಯಾಸಂಸ್ಥೆಗಳಿಗೆ ಈ ಬಗೆಯ ಓದು ಹೊಸದೆನಿಸಲಾರದು.

ಸಂಶೋಧನ ಲೇಖನವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ಓದಹೊರಟ ವಿದ್ಯಾರ್ಥಿ ಎರಡನೆಯ ಪುಟದಲ್ಲೇ ಸೋಲುತ್ತಾನೆ. ಮೊದಲು ಚಿತ್ರಗಳನ್ನೂ ಕೋಷ್ಟಕಗಳನ್ನೂ ನೋಡಿ, ಅವುಗಳಿಂದ ಏನು ಸಿದ್ಧವಾಗುತ್ತದೆಂದು ತಾನೇ ಬರೆದಿಟ್ಟು, ಅನಂತರ ಲೇಖಕರ ನಿರ್ಣಯದೊಡನೆ ಹೋಲಿಸಿ ನೋಡುವುದು ಲೇಸು. ಉಪಾಧ್ಯಾಯರು ವಾರಕ್ಕೊಂದು ಗಂಟೆ ಜೊತೆಗೆ ಕುಳಿತರೆ ತಿಂಗಳಿಗೊಂದು ಲೇಖನ ಕೈವಶವಾಗುತ್ತದೆ.

ತೊಡಕಿರುವುದು ಲೇಖನ ದೊರಕಿಸಿಕೊಳ್ಳುವುದರಲ್ಲಿ. 2025ರ ಜನವರಿ 1ರಂದು ಜಾರಿಗೆ ಬಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಸುಮಾರು 13,000 ಪತ್ರಿಕೆಗಳನ್ನು ತೆರೆದಿಟ್ಟಿತಾದರೂ ಮೊದಲ ಘಟ್ಟದಲ್ಲಿ ಅದರ ಪ್ರಯೋಜನ ಸರ್ಕಾರಿ ಸಂಸ್ಥೆಗಳಿಗೆ ಮಾತ್ರ. ಮಠಗಳ ಖಾಸಗಿ ವಿದ್ಯಾಲಯಗಳು ಹೊರಗುಳಿದವು. 2000ದಲ್ಲಿ ಆರಂಭವಾದ ಪಬ್‌ಮೆಡ್ ಸೆಂಟ್ರಲ್ ಭಂಡಾರ ಮಾತ್ರ ಸರ್ವರಿಗೂ ಉಚಿತ. 1971ರಿಂದ ನಡೆದುಬಂದಿರುವ ಪ್ರೋಟೀನ್ ಡೇಟಾ ಬ್ಯಾಂಕಿನಲ್ಲಿ 1994ರ ಆ ಕೊಲಾಜೆನ್ ರಚನೆಯೂ ಇದೆ. ಹಳೆಯ ‘ನೇಚರ್’ ಲೇಖನಗಳಿಗೆ ಹಣ ತೆರಬೇಕಾಗಬಹುದು. ಗ್ರಂಥಾಲಯಕ್ಕೆ ಸಲ್ಲುವ ದತ್ತಿಯ ಅಲ್ಪಭಾಗ ಅದಕ್ಕೆ ಸಾಕು.