ಕಾರು ಮಾಡಿಫೈ ಮಾಡಿಸಬೇಕಾ, ಕಂಪನಿ ಕೊಟ್ಟ ಹಾಗೆಯೇ ಬಿಡಬೇಕಾ?

ಒಂದು ಕಾಲದಲ್ಲಿ ನಮ್ಮ ಮನೆಗಳಲ್ಲಿ ಕಾರು ಕೊಳ್ಳುವಾಗ ಕೇಳುತ್ತಿದ್ದದ್ದು ಎರಡೇ ಪ್ರಶ್ನೆ. ಮೈಲೇಜ್ ಎಷ್ಟು? ಎಲ್ಲರೂ ಕೂತುಕೊಳ್ಳಲು ಜಾಗ ಉಂಟಾ? ಈಗ ಹಾಗಿಲ್ಲ. ಗಲ್ಫ್‌ನಲ್ಲಿ ದುಡಿದು ಬಂದ ಹುಡುಗರು, ಊರಿನಲ್ಲೇ ವ್ಯಾಪಾರ ಬೆಳೆಸಿದವರು ವೇಗದ ಕಾರುಗಳ ಬೆನ್ನು ಹತ್ತಿದ್ದಾರೆ. ವೋಕ್ಸ್‌ವ್ಯಾಗನ್ ವರ್ಟಸ್ ಜಿಟಿ, ಸ್ಕೋಡಾ ಆಕ್ಟೇವಿಯಾ ಆರ್‌ಎಸ್, ತುಸು ಹೆಚ್ಚು ಅನುಕೂಲ ಇದ್ದವರಾದರೆ ಬಿಎಂಡಬ್ಲ್ಯು. ಕಾರು ಮನೆಗೆ ಬಂದು ತಿಂಗಳಾಗುವಷ್ಟರಲ್ಲಿ ಮುಂದಿನ ಮಾತು ಶುರುವಾಗ್ತದೆ: "ಉಪ್ಪಾ, ಒಂದು ರೀಮ್ಯಾಪ್ ಮಾಡಿಸುವ, ಸೈಲೆನ್ಸರ್ ಬದಲಿಸುವ, ಸ್ವಲ್ಪ ಲೋ ಮಾಡಿಸುವ."

ಉಪ್ಪ ಬೇಡ ಎನ್ನುತ್ತಾರೆ, ಕಾರಣ ಹೇಳಲು ಅವರಿಗೆ ಆಗುವುದಿಲ್ಲ. ಮಗ ಬೇಕು ಎನ್ನುತ್ತಾನೆ, ಪರಿಣಾಮ ಅವನಿಗೆ ಗೊತ್ತಿಲ್ಲ. ಇಬ್ಬರೂ ಒಟ್ಟಿಗೆ ಕೂತು ತೀರ್ಮಾನ ಮಾಡಲು ಬೇಕಾದ ವಿಷಯಗಳನ್ನು ನಾವಿಲ್ಲಿ ಮುಂದಿಡುತ್ತಿದ್ದೇವೆ.

ಎಂಜಿನ್ ತಡೆದರೂ ಗೇರ್‌ಬಾಕ್ಸ್ ತಡೆಯಬೇಕಲ್ಲ

ರೀಮ್ಯಾಪ್ ಎಂದರೆ ಎಂಜಿನನ್ನು ನಡೆಸುವ ಕಂಪ್ಯೂಟರಿನ ಲೆಕ್ಕ ಬದಲಿಸುವುದು. ಟರ್ಬೊ ಎಂಜಿನ್‌ನಲ್ಲಿ ಇದರಿಂದ ಶಕ್ತಿ ಹೆಚ್ಚುವುದು ನಿಜ. ಆದರೆ ಆ ಹೆಚ್ಚಿನ ಶಕ್ತಿ ಚಕ್ರ ಮುಟ್ಟುವ ಮೊದಲು ಗೇರ್‌ಬಾಕ್ಸ್ ದಾಟಬೇಕು. ವರ್ಟಸ್ ಜಿಟಿಯ 1.5 ಲೀಟರ್ ಎಂಜಿನ್ 150 ಪಿಎಸ್ ಶಕ್ತಿ, 250 ಎನ್‌ಎಂ ಟಾರ್ಕ್ ಕೊಡುತ್ತದೆ. ಅದಕ್ಕೆ ಜೋಡಿಸಿದ 7 ಸ್ಪೀಡ್ ಡಿಎಸ್‌ಜಿ ಗೇರ್‌ಬಾಕ್ಸ್‌ನ ಹೆಸರು ಡಿಕ್ಯು200. ಇದು ಒಣ ಕ್ಲಚ್‌ನದ್ದು, ಇದನ್ನು ರೂಪಿಸಿದ್ದೇ 250 ಎನ್‌ಎಂ ಮಿತಿಗೆ. ಅಂದರೆ ಕಂಪನಿ ಕಾರನ್ನು ನಮ್ಮ ಕೈಗೆ ಕೊಡುವಾಗಲೇ ಆ ಗೇರ್‌ಬಾಕ್ಸ್ ತನ್ನ ಗೆರೆಯಲ್ಲಿ ನಿಂತಿದೆ. ಅದರ ಮೇಲೆ ಇನ್ನೊಂದು 50 ಎನ್‌ಎಂ ಹೇರಿದರೆ ಅದು ನಾಳೆಯೇ ಕೆಡುತ್ತದೆ ಎಂದಲ್ಲ. ಆದರೆ ನಂತೂರು, ಪಂಪ್‌ವೆಲ್‌ನ ಟ್ರಾಫಿಕ್‌ನಲ್ಲಿ ಇಂಚಿಂಚು ಸರಿಯುವಾಗ ಮೊದಲೇ ಬಿಸಿಯಾಗುವ ಕ್ಲಚ್‌ಗೆ ಅದು ಹೆಚ್ಚುವರಿ ಹೊರೆ.

2025ರಲ್ಲಿ ಭಾರತಕ್ಕೆ ಬಂದ ಗಾಲ್ಫ್ ಜಿಟಿಐ ಕಥೆ ಬೇರೆ. 265 ಪಿಎಸ್, 370 ಎನ್‌ಎಂ ಟಾರ್ಕಿನ ಆ ಕಾರಿಗೆ ಎಣ್ಣೆಯಲ್ಲಿ ಮುಳುಗಿದ ಕ್ಲಚ್ ಇದೆ, ತಾಳಿಕೆ ಹೆಚ್ಚು. ಹಾಗಾಗಿ "ಗೆಳೆಯನ ಕಾರಿಗೆ ಏನೂ ಆಗಲಿಲ್ಲ" ಎಂಬ ಮಾತು ನಮ್ಮ ಕಾರಿಗೆ ಗ್ಯಾರಂಟಿ ಆಗುವುದಿಲ್ಲ.

ಪೆಟ್ರೋಲ್ ಲೆಕ್ಕವೂ ಇದೆ. ದುಬೈಯಲ್ಲಿ ಕಾರು ಓಡಿಸಿದವರಿಗೆ ಅಲ್ಲಿನ ಬಂಕ್‌ನಲ್ಲಿ ಸೂಪರ್ 98, ಸ್ಪೆಷಲ್ 95 ಎಂದು ಬರೆದಿರುವುದು ನೆನಪಿರಬಹುದು. ಅದು ಆಕ್ಟೇನ್ ಸಂಖ್ಯೆ. ನಮ್ಮಲ್ಲಿ ಸಾಮಾನ್ಯ ಪೆಟ್ರೋಲಿಗೆ ಬಹುಕಾಲ ಇದ್ದದ್ದು 91. ಶೇ. 20 ಎಥೆನಾಲ್ ಬೆರೆತ ಪೆಟ್ರೋಲ್ ಬಂದ ಮೇಲೆ ಅದು 95 ಆಗಿದೆ. 98 ಆಕ್ಟೇನ್ ನಂಬಿ ಬರೆದ ಫೈಲನ್ನು ಇಲ್ಲಿ ಹಾಕಿ, ಎಪ್ರಿಲ್ ಸೆಕೆಯಲ್ಲಿ ಶಿರಾಡಿ ಘಾಟಿ ಹತ್ತಿಸಿದರೆ ಎಂಜಿನ್ ಒಳಗೆ ಇಂಧನ ಹೊತ್ತಿಗೆ ಮುಂಚೆ ಉರಿಯುತ್ತದೆ. ಅದನ್ನೇ ನಾಕಿಂಗ್ ಎನ್ನುವುದು. ಹೆಚ್ಚಾದರೆ ಪಿಸ್ಟನ್ನಿಗೇ ಪೆಟ್ಟು.

ಇನ್ನು ವಾರಂಟಿ. ವೋಕ್ಸ್‌ವ್ಯಾಗನ್ ಬಳಗದ ಕಾರುಗಳಲ್ಲಿ ರೀಮ್ಯಾಪ್ ಆದದ್ದು ಸರ್ವಿಸ್ ಸೆಂಟರಿನ ಕಂಪ್ಯೂಟರಿಗೆ ಗೊತ್ತಾದರೆ ಆ ಕಾರಿನ ದಾಖಲೆಯಲ್ಲಿ ಟಿಡಿ1 ಎಂಬ ಗುರುತು ಬೀಳುತ್ತದೆ. ಆಮೇಲೆ ಹಳೇ ಫೈಲ್ ವಾಪಸ್ ಹಾಕಿಸಿದರೂ ಎಂಜಿನ್, ಗೇರ್‌ಬಾಕ್ಸ್‌ನ ವಾರಂಟಿ ಕೇಳುವುದು ಕಷ್ಟ.

ಕಾನೂನು ಎಂತ ಹೇಳ್ತದೆ?

ಮೋಟಾರು ವಾಹನ ಕಾಯ್ದೆ 1988ರ ಸೆಕ್ಷನ್ 52 ಸ್ಪಷ್ಟವಾಗಿದೆ. ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನು ಬದಲಿಸುವ ಹಾಗಿಲ್ಲ. ಕೇರಳದಿಂದ ಹೋದ ಒಂದು ಪ್ರಕರಣದಲ್ಲಿ 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಲ್ಲಿ ಸೆಕ್ಷನ್ 182ಎ ಸೇರಿತು. ಅನುಮತಿ ಇಲ್ಲದ ಮಾರ್ಪಾಡಿಗೆ ಮಾಲಕನಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡೂ. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ಸೆಕ್ಷನ್ 190ರ ಪ್ರಕಾರ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಜೊತೆಗೆ ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಸೈಲೆನ್ಸರ್ ಪೈಪಿನಿಂದ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ತೆಗೆಸುವುದೂ ಇಲ್ಲಿಗೇ ಬರುತ್ತದೆ.

ಗಾಜಿನ ವಿಷಯವೂ ಗೊತ್ತಿರಲಿ. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇ. 70, ಬದಿಯ ಗಾಜಿನಲ್ಲಿ ಶೇ. 50 ಬೆಳಕು ಹಾದುಹೋಗಬೇಕು. ಕಪ್ಪು ಫಿಲ್ಮ್ ಅಂಟಿಸುವುದರ ವಿರುದ್ಧ 2012ರಲ್ಲೇ ಸುಪ್ರೀಂ ಕೋರ್ಟ್ ಆದೇಶ ಬಂದಿದೆ. ಕಾರಿನ ಬಣ್ಣ ಬದಲಿಸಿದರೆ ಆರ್‌ಟಿಒದಲ್ಲಿ ಅರ್ಜಿ ಹಾಕಿ ಆರ್‌ಸಿಯಲ್ಲಿ ನಮೂದಿಸಬೇಕು.

ನಮ್ಮವರ ಕಾರುಗಳು ದಿನಾ ತಲಪಾಡಿ ದಾಟುತ್ತವೆ. ಸಂಬಂಧಿಕರ ಮನೆ ಮಂಜೇಶ್ವರದಲ್ಲಿ, ಉಪ್ಪಳದಲ್ಲಿ, ಕಾಸರಗೋಡಿನಲ್ಲಿ. ಕೇರಳದ ಮೋಟಾರು ವಾಹನ ಇಲಾಖೆ ಈ ವಿಷಯದಲ್ಲಿ ಬಿಗಿ. 2021ರ ಆಗಸ್ಟ್‌ನಲ್ಲಿ ಕಣ್ಣೂರಿನಲ್ಲಿ ಯೂಟ್ಯೂಬ್ ವ್ಲಾಗರ್ ಸಹೋದರರ ವ್ಯಾನನ್ನು ಮಾರ್ಪಾಡಿನ ಕಾರಣಕ್ಕೆ ವಶಪಡಿಸಿಕೊಂಡದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಗಲ್ಫ್‌ನಲ್ಲಿ ಎಲ್ಲ ನಡೆಯುತ್ತದೆ ಎಂಬುದೂ ತಪ್ಪು ತಿಳಿವಳಿಕೆ. ಯುಎಇಯಲ್ಲಿ ಶಬ್ದ ಮಾಡುವ ವಾಹನಕ್ಕೆ 2,000 ದಿರ್ಹಂ ದಂಡ, 12 ಬ್ಲ್ಯಾಕ್ ಪಾಯಿಂಟ್. ಅಲ್ಲಿ ಹೆದರಿ ಸುಮ್ಮನೆ ಓಡಿಸಿದವನು ಇಲ್ಲಿ ರಜೆಗೆ ಬಂದು ಮದುವೆ ಮನೆ ಮುಂದೆ ಸೈಲೆನ್ಸರ್ ಸಿಡಿಸುವುದು ಯಾವ ನ್ಯಾಯ? ರಾತ್ರಿ ಹನ್ನೊಂದಕ್ಕೆ ಆ ಶಬ್ದಕ್ಕೆ ಬೆಚ್ಚಿ ಏಳುವ ಮಗು, ಹೃದಯದ ಕಾಯಿಲೆಯ ಹಿರಿಯರು ನಮ್ಮದೇ ನೆರೆಮನೆಯವರು.

ದೊಡ್ಡ ಅಪಾಯ ವಿಮೆಯಲ್ಲಿ

ದಂಡ ಕಟ್ಟಿ ಮುಗಿಸಬಹುದು. ಮನೆಯನ್ನೇ ಅಲ್ಲಾಡಿಸುವುದು ವಿಮೆ. ಪಾಲಿಸಿ ಮಾಡಿಸುವಾಗ ನಾವು ಕೊಟ್ಟ ವಿವರವೇ ಕರಾರಿನ ಆಧಾರ. ಕಾರಿನಲ್ಲಿ ಮಾಡಿದ ಬದಲಾವಣೆಯನ್ನು ಕಂಪನಿಗೆ ತಿಳಿಸದೆ ಇದ್ದು, ಆಮೇಲೆ ಅಪಘಾತವಾದರೆ, ಸರ್ವೇಯರ್ ಬಂದು ನೋಡಿದಾಗ ಕ್ಲೇಮ್ ತಿರಸ್ಕರಿಸಲು ಅಲ್ಲೇ ದಾರಿ ಸಿಗುತ್ತದೆ. 15, 20 ಲಕ್ಷದ ಕಾರು, ಅದರ ಬ್ಯಾಂಕ್ ಸಾಲ ಎರಡೂ ಮನೆಯವರ ತಲೆ ಮೇಲೆ. ಎದುರಿನವರಿಗೆ ಪೆಟ್ಟಾಗಿದ್ದರೆ ಇನ್ನೂ ಕಷ್ಟ. ಪಾಲಿಸಿಯ ಕರಾರು ಮುರಿದದ್ದು ಸಾಬೀತಾದರೆ, ವಿಮಾ ಕಂಪನಿ ಮೊದಲು ಪರಿಹಾರ ಕೊಟ್ಟು ಆಮೇಲೆ ಮಾಲಕನಿಂದ ವಸೂಲಿ ಮಾಡಲಿ ಎಂದು ನ್ಯಾಯಾಲಯ ಹೇಳಬಹುದು. ಆರ್‌ಸಿ ಹೆಚ್ಚಾಗಿ ಯಾರ ಹೆಸರಿನಲ್ಲಿ ಇರುತ್ತದೆ? ಉಪ್ಪನ ಹೆಸರಿನಲ್ಲಿ. ಹಲವು ವರ್ಷ ಮರಳುಗಾಡಿನಲ್ಲಿ ದುಡಿದವನ ಹೆಸರಿನಲ್ಲಿ.

ರ‍್ಯಾಲಿ ಕಾರು ಕಲಿಸುವ ಪಾಠ

ಹಾಗಾದರೆ ಕಾರಿನ ಹುಚ್ಚೇ ತಪ್ಪಾ? ಖಂಡಿತ ಅಲ್ಲ. ಕಾಸರಗೋಡಿನ ಮೊಗ್ರಾಲ್‌ನ ಮೂಸಾ ಶರೀಫ್ ನ್ಯಾವಿಗೇಟರ್ ಆಗಿ ಹಲವು ಬಾರಿ ರಾಷ್ಟ್ರೀಯ ರ‍್ಯಾಲಿ ಪ್ರಶಸ್ತಿ ಗೆದ್ದವರು, ಗೌರವ್ ಗಿಲ್ ಅವರಂತಹ ಚಾಲಕನ ಪಕ್ಕದ ಸೀಟಿನಲ್ಲಿ ಕೂತು ದಾರಿ ಓದಿ ಹೇಳಿದವರು. ನಮ್ಮ ಮಣ್ಣಿನವರು. ಅವರು ಕೂರುವ ರ‍್ಯಾಲಿ ಕಾರುಗಳನ್ನು ಗಮನಿಸಿ. ಅಲ್ಲಿ ಎಂಜಿನ್ ಮಾತಿಗೆ ಮುಂಚೆ ಬರುವುದು ಕಬ್ಬಿಣದ ರೋಲ್ ಕೇಜ್, ರೇಸಿಂಗ್ ಬೆಲ್ಟ್, ಹೆಲ್ಮೆಟ್, ಬೆಂಕಿ ಆರಿಸುವ ಸಾಧನ. ತಪಾಸಣೆಯಲ್ಲಿ ಪಾಸಾಗದ ಕಾರಿಗೆ ಸ್ಪರ್ಧೆಗೆ ಇಳಿಯಲು ಬಿಡುವುದಿಲ್ಲ. ಓಡುವುದು ಬಂದ್ ಮಾಡಿದ ರಸ್ತೆಯಲ್ಲಿ. ಮೊದಲು ಜೀವ, ಆಮೇಲೆ ವೇಗ ಎಂಬ ಆ ಕ್ರಮವನ್ನೇ ನಮ್ಮ ಹುಡುಗರು ತಲೆಕೆಳಗು ಮಾಡುತ್ತಿರುವುದು.

ಹಾಗಾದರೆ ಎಂತ ಮಾಡುವುದು?

ಹಣ ಖರ್ಚು ಮಾಡಲೇಬೇಕು ಎಂದಿದ್ದರೆ ಟೈರಿಗೆ ಮಾಡಿ. ಕಂಪನಿ ಹೇಳಿದ ಗಾತ್ರದಲ್ಲೇ ಒಳ್ಳೆಯ ಟೈರ್ ಹಾಕಿಸಿದರೆ ಮಳೆಗಾಲದಲ್ಲಿ ಬ್ರೇಕ್ ಒತ್ತಿದಾಗ ವ್ಯತ್ಯಾಸ ಗೊತ್ತಾಗುತ್ತದೆ. ಆಮೇಲೆ ಗುಣಮಟ್ಟದ ಬ್ರೇಕ್ ಪ್ಯಾಡ್, ಹೊತ್ತಿಗೆ ಸರಿಯಾಗಿ ಬ್ರೇಕ್ ಆಯಿಲ್, ಎಂಜಿನ್ ಆಯಿಲ್. ಕಡಲ ಗಾಳಿಯ ಊರು ನಮ್ಮದು, ಅಡಿಭಾಗಕ್ಕೆ ತುಕ್ಕು ತಡೆಯುವ ಲೇಪನ ಮಾಡಿಸಿ. ಸ್ಪ್ರಿಂಗ್ ಬದಲಿಸಿ ಕಾರನ್ನು ತಗ್ಗಿಸಬೇಡಿ. ಒಳರಸ್ತೆಯ ಹಂಪ್‌ಗಳು, ಮಳೆಗಾಲದ ಹೊಂಡಗಳು ನಿಮ್ಮ ಬಂಪರನ್ನೂ ಎಂಜಿನ್ ಕೆಳಗಿನ ಎಣ್ಣೆ ಪಾತ್ರೆಯನ್ನೂ ಬಿಡುವುದಿಲ್ಲ.

ವೇಗ ನೋಡಲೇಬೇಕಾ? ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ, ಚೆನ್ನೈಯ ಇರುಂಗಾಟ್ಟುಕೋಟ್ಟೈ ಟ್ರ್ಯಾಕ್ ಇವೆ. ಅಲ್ಲಿ ಟ್ರ್ಯಾಕ್ ಡೇ ಇದ್ದಾಗ ಹೋಗಿ, ತರಬೇತಿ ಪಡೆದು ಓಡಿಸಿ. ಹೆದ್ದಾರಿ 66ರಲ್ಲಿ ಬೇಡ. 150 ಪಿಎಸ್ ಕಾರನ್ನೇ ಪೂರ್ತಿ ಬಳಸಲು ಕಲಿಯುವುದಕ್ಕೆ ವರ್ಷಗಳು ಬೇಕೆಂದು ಅಲ್ಲಿ ಗೊತ್ತಾಗುತ್ತದೆ.

ಮಾರುವ ದಿನದ ಯೋಚನೆಯೂ ಇರಲಿ. ಆಕ್ಟೇವಿಯಾ ಆರ್‌ಎಸ್ 245 ಭಾರತಕ್ಕೆ 2020ರಲ್ಲಿ ಬಂದದ್ದು ಬರೀ 200. ಇಂಥ ಕಾರು ಹುಡುಕುವವನು ಮೊದಲು ಕೇಳುವುದೇ "ಕಂಪನಿ ಫಿಟ್ಟಿಂಗ್ ಉಂಟಾ?" ಎಂದು. ಯಾರ ಕೈಯೂ ಆಡದ ಕಾರಿಗೆ ಇರುವ ಮರ್ಯಾದೆ ಬೇರೆ.

ಆದ್ದರಿಂದ ನಮ್ಮ ಮಾತು ಇಷ್ಟೇ. ವೇಗದ ಕಾರನ್ನು ಕಂಪನಿ ಕೊಟ್ಟ ಹಾಗೆಯೇ ಇಟ್ಟುಕೊಳ್ಳಿ. ಏನಾದರೂ ಬದಲಿಸುವ ಮೊದಲು ಆರ್‌ಟಿಒಗೆ, ವಿಮಾ ಕಂಪನಿಗೆ, ಸರ್ವಿಸ್ ಸೆಂಟರಿಗೆ ಕೇಳಿ ಬರಹದಲ್ಲಿ ಉತ್ತರ ಪಡೆಯಿರಿ. ಮೂವರಲ್ಲಿ ಒಬ್ಬರು ಬೇಡ ಎಂದರೂ ಅದು ಬೇಡ. ಹೆತ್ತವರಿಗೂ ಒಂದು ಮಾತು: ಮಗನ ಆಸೆಯನ್ನು ಬೈದು ಬಾಯಿ ಮುಚ್ಚಿಸಬೇಡಿ. ಮುಚ್ಚಿಸಿದರೆ ಅವನು ನಿಮಗೆ ಹೇಳದೆ ಮಾಡಿಸುತ್ತಾನೆ. ಆರ್‌ಸಿ, ಪಾಲಿಸಿ ಎರಡನ್ನೂ ಮೇಜಿನ ಮೇಲಿಟ್ಟು ಒಟ್ಟಿಗೆ ಓದಿ.